ವಿಜ್ಞಾನಿಗಳು ಹೇಳಿದ ಮೇಲೆ ಗ್ರಾಮಸಭೆ ಯಾಕೆ?

ಪ್ರಶ್ನೆ: ನಮ್ಮದು ಸಕಲೇಶಪುರದ ಕಡೆ ಒಂದು ಹಳ್ಳಿ. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ. ಪಶ್ಚಿಮ ಘಟ್ಟದ ರಕ್ಷಣೆಗೆ ಅಂತ ಬಂದ ಕಸ್ತೂರಿರಂಗನ್ ವರದಿ ಬೇಡ ಅಂತ ನಾನೂ ಪ್ರತಿಭಟನೆಗೆ ಹೋಗಿದ್ದೆ. 2024ರಲ್ಲಿ ಶಿರೂರು, ವಯನಾಡ್‌ಗಳಲ್ಲಿ ಗುಡ್ಡ ಕುಸಿದ ಮೇಲೆ, ಬೆಂಗಳೂರಿನಲ್ಲಿರುವ ಮಗಳು ಊರಿಗೆ ಬಂದಾಗಲೆಲ್ಲ ಇದೇ ವಿಷಯಕ್ಕೆ ಜಗಳ ತೆಗೆಯುತ್ತಾಳೆ. ‘ಆಪರೇಷನ್ ಮಾಡಬೇಕಾ ಬೇಡ್ವಾ ಅಂತ ಊರವರ ಓಟು ಕೇಳ್ತೀರಾ? ವಿಜ್ಞಾನಿಗಳು ಹೇಳಿದ ಮೇಲೆ ಗ್ರಾಮಸಭೆ ಯಾಕೆ?’ ಅನ್ನುತ್ತಾಳೆ. ಇಂಥ ವಿಷಯಗಳನ್ನು ತಜ್ಞರಿಗೇ ಬಿಟ್ಟುಬಿಡುವುದು ಒಳ್ಳೆಯದಾ?

ಉತ್ತರ:

ಮಗಳದು ಅರ್ಧ ಸರಿ, ನಿಮ್ಮದು ಅರ್ಧ ಸರಿ ಅಂತ ಹೇಳಿ ಇಬ್ಬರನ್ನೂ ಸಮಾಧಾನ ಮಾಡಬಹುದಿತ್ತು. ಆದರೆ ನನಗೆ ಹಾಗೆ ಅನ್ನಿಸುವುದಿಲ್ಲ. ನೀವಿಬ್ಬರೂ ಒಂದೇ ತಪ್ಪು ತಿಳಿವಳಿಕೆಯ ಮೇಲೆ ನಿಂತು ಜಗಳ ಆಡುತ್ತಿದ್ದೀರಿ. ತಜ್ಞರ ವರದಿ ಬಂತು ಅಂದರೆ ತೀರ್ಮಾನ ಬಂತು ಅಂತ ಇಬ್ಬರೂ ಅಂದುಕೊಂಡಿದ್ದೀರಿ. ಅವಳು ಅದನ್ನು ಒಪ್ಪಬೇಕು ಅನ್ನುತ್ತಾಳೆ, ನೀವು ಹರಿದು ಹಾಕಬೇಕು ಅನ್ನುತ್ತೀರಿ. ಅಷ್ಟೇ ವ್ಯತ್ಯಾಸ.

ಆಪರೇಷನ್ ಉದಾಹರಣೆಯನ್ನೇ ತೆಗೆದುಕೊಳ್ಳಿ. ಊರವರು ಓಟು ಹಾಕುವುದಿಲ್ಲ, ನಿಜ. ಹಾಗಂತ ಡಾಕ್ಟರು ರೋಗಿಯನ್ನು ಹಿಡಿದು ಮಲಗಿಸಿ ಕೊಯ್ಯುವುದೂ ಇಲ್ಲ. ಮಾಡಿದರೆ ಏನಾಗುತ್ತದೆ, ಮಾಡದಿದ್ದರೆ ಏನಾಗುತ್ತದೆ ಅಂತ ಹೇಳುತ್ತಾರೆ. ಕಾಗದಕ್ಕೆ ಸಹಿ ಹಾಕುವವರು ರೋಗಿ.

ಈಗ ಪಶ್ಚಿಮ ಘಟ್ಟಕ್ಕೆ ಬರೋಣ. ಕಸ್ತೂರಿರಂಗನ್ ವರದಿಯ ಪರ ಕೂಗಿದವರಲ್ಲೂ ವಿರುದ್ಧ ಕೂಗಿದವರಲ್ಲೂ ಅದನ್ನು ಓದಿದವರು ಕಡಿಮೆ. ಅದಕ್ಕಿಂತ ಮುಂಚಿನ ಗಾಡ್ಗೀಳ್ ವರದಿಯನ್ನು ಓದಿದವರು ಇನ್ನೂ ಕಡಿಮೆ.

2010ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಮಾಧವ ಗಾಡ್ಗೀಳ್ ನೇತೃತ್ವದಲ್ಲಿ ಒಂದು ತಜ್ಞರ ಸಮಿತಿ ಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದವರು ಅವರು. ಸಮಿತಿ ಗುಜರಾತಿನಿಂದ ತಮಿಳುನಾಡಿನವರೆಗೆ ಸುಮಾರು 1,29,000 ಚದರ ಕಿಲೋಮೀಟರ್ ಘಟ್ಟವನ್ನು ಚೌಕ ಚೌಕವಾಗಿ ಹಂಚಿಕೊಂಡಿತು. ಒಂದೊಂದು ಚೌಕ ಹೆಚ್ಚುಕಡಿಮೆ ಒಂಬತ್ತು ಕಿಲೋಮೀಟರ್ ಉದ್ದ, ಒಂಬತ್ತು ಅಗಲ. ಎತ್ತರ ಎಷ್ಟು, ಇಳಿಜಾರು ಎಷ್ಟು, ಕಾಡು ಎಷ್ಟು, ಬೇರೆಲ್ಲೂ ಇಲ್ಲದ ಗಿಡ ಪ್ರಾಣಿ ಏನಿವೆ ಅಂತೆಲ್ಲ ನೋಡಿ ಅಂಕ ಕೊಟ್ಟಿತು. ಇಡೀ ಘಟ್ಟ ಸೂಕ್ಷ್ಮ ಅಂದಿತು. ಆದರೆ ಎಲ್ಲ ಕಡೆ ಒಂದೇ ಕಟ್ಟುನಿಟ್ಟು ಬೇಡ ಅಂತ ಮೂರು ವಲಯ ಮಾಡಿತು.

ಮಗಳಿಗೆ ತೋರಿಸಬೇಕಾದ ಭಾಗ ಇದರ ನಂತರ ಬರುತ್ತದೆ. ಈ ಗಡಿ ತಾತ್ಕಾಲಿಕ, ಕೊನೆಯ ಗಡಿ ಗ್ರಾಮಸಭೆಗಳ ಜೊತೆ ಕೂತು ಮಾಡಬೇಕು ಅಂತ ಆ ವಿಜ್ಞಾನಿಗಳೇ ಬರೆದಿದ್ದಾರೆ. ಗ್ರಾಮಸಭೆ ಬೇಕು ಅಂದವರು ತಜ್ಞರು. ಜನರ ಹೆಸರಲ್ಲಿ ವರದಿ ಬೇಡ ಅಂದ ರಾಜಕಾರಣಿಗಳಲ್ಲಿ ಎಷ್ಟು ಜನ ಅದೇ ವರದಿಯನ್ನು ಗ್ರಾಮಸಭೆಯ ಮುಂದೆ ಇಟ್ಟು ಓದಿಸಿದರು? ನಿಮ್ಮ ಊರಲ್ಲಿ ಯಾರಾದರೂ ಓದಿಸಿದರಾ?

ವರದಿ ಸಲ್ಲಿಕೆಯಾದದ್ದು 2011ರ ಆಗಸ್ಟ್ 31ಕ್ಕೆ. ಸಚಿವಾಲಯ ಅದನ್ನು ಬೀರುವಿನಲ್ಲಿ ಇಟ್ಟಿತು. ಮಾಹಿತಿ ಹಕ್ಕಿನಡಿ ಕೇಳಿದವರಿಗೂ ಕೊಡಲಿಲ್ಲ. ಕೇಂದ್ರ ಮಾಹಿತಿ ಆಯೋಗ ಕೊಡಿ ಅಂದರೆ ದೆಹಲಿ ಹೈಕೋರ್ಟಿಗೆ ಹೋಯಿತು. ಅಲ್ಲಿ ಸೋತ ಮೇಲೆ, 2012ರ ಮೇ ತಿಂಗಳಲ್ಲಿ, ವರದಿ ಹೊರಗೆ ಬಂತು. ಅಷ್ಟರಲ್ಲಿ ಊರೂರಿಗೆ ಸುದ್ದಿ ಮುಟ್ಟಿಯಾಗಿತ್ತು, ವರದಿ ಮಾತ್ರ ಮುಟ್ಟಿರಲಿಲ್ಲ. ಮನೆ ರಿಪೇರಿ ಮಾಡುವ ಹಾಗಿಲ್ಲವಂತೆ, ದನ ಸಾಕುವ ಹಾಗಿಲ್ಲವಂತೆ, ಎಲ್ಲರನ್ನೂ ಎಬ್ಬಿಸುತ್ತಾರಂತೆ. ನೂರಾರು ಪುಟದ ಇಂಗ್ಲಿಷ್ ದಾಖಲೆಯ ಜಾಗದಲ್ಲಿ ಒಂದು ‘ಅಂತೆ’ ಬಂದು ಕೂತರೆ ಅದನ್ನು ಎಬ್ಬಿಸುವುದು ಬಹಳ ಕಷ್ಟ.

ಆಮೇಲೆ ಸರ್ಕಾರ ಇನ್ನೊಂದು ಸಮಿತಿ ಮಾಡಿತು. ಇಸ್ರೋದ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ಅದರ ಮುಖ್ಯಸ್ಥರು. ಅವರ ವರದಿ 2013ರ ಏಪ್ರಿಲ್‌ನಲ್ಲಿ ಬಂತು. ಅವರು ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ಘಟ್ಟದ ಸುಮಾರು 37 ಶೇಕಡಾ ಭಾಗವನ್ನು, ಅಂದರೆ ಹತ್ತಿರ ಹತ್ತಿರ 60 ಸಾವಿರ ಚದರ ಕಿಲೋಮೀಟರನ್ನು, ಪರಿಸರ ಸೂಕ್ಷ್ಮ ಪ್ರದೇಶ ಅಂತ ಗುರುತಿಸಿದರು (ಘಟ್ಟದ ವಿಸ್ತೀರ್ಣವನ್ನೇ ಅವರು ಗಾಡ್ಗೀಳ್ ಸಮಿತಿಗಿಂತ ಜಾಸ್ತಿ ಲೆಕ್ಕ ಹಾಕಿದ್ದರು). ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್, ಸಾವಿರದ ಐನೂರಕ್ಕೂ ಜಾಸ್ತಿ ಹಳ್ಳಿಗಳು.

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಒಂದು ಹಳ್ಳಿಯ ನೆಲದಲ್ಲಿ ಶೇಕಡಾ 20 ಅಥವಾ ಅದಕ್ಕಿಂತ ಜಾಸ್ತಿ ಸೂಕ್ಷ್ಮ ಪ್ರದೇಶ ಇದ್ದರೆ ಇಡೀ ಹಳ್ಳಿಯನ್ನೇ ಪಟ್ಟಿಗೆ ಸೇರಿಸಿ ಅಂತ ವರದಿ ಹೇಳುತ್ತದೆ. ಆ ಹಳ್ಳಿಯಲ್ಲಿ ಎಷ್ಟು ಕಾಡಿದೆ ಅಂತ ಉಪಗ್ರಹ ಹೇಳಬಲ್ಲದು. ಅದು ವಿಜ್ಞಾನ. ಆದರೆ ಗೆರೆ 20ಕ್ಕೇ ಯಾಕೆ? 15 ಯಾಕಲ್ಲ, 40 ಯಾಕಲ್ಲ? ಯಾವ ಉಪಗ್ರಹವೂ ಇದನ್ನು ಹೇಳುವುದಿಲ್ಲ. 20 ಅಂದರೆ ಇಷ್ಟು ಹಳ್ಳಿ ಒಳಗೆ ಬರುತ್ತವೆ, 40 ಅಂದರೆ ಇಷ್ಟು ಹೊರಗೆ ಉಳಿಯುತ್ತವೆ, ಅದರಿಂದ ಕಾಡಿಗೆ ಇಷ್ಟು ನಷ್ಟ ಅಂತ ಲೆಕ್ಕ ಕೊಡುವುದು ತಜ್ಞರ ಕೆಲಸ. ಇಷ್ಟಕ್ಕೆ ನಿಲ್ಲೋಣ ಅನ್ನುವುದು ಆಯ್ಕೆ. ಆ ಆಯ್ಕೆಯಿಂದ ಯಾರ ಬದುಕಿಗೆ ಏಟು ಬೀಳುತ್ತದೋ ಅವರನ್ನು ಕೇಳದೆ ಮಾಡಿದರೆ, ಎಷ್ಟೇ ಒಳ್ಳೆಯ ವಿಜ್ಞಾನಿ ಮಾಡಿದರೂ ಅದು ಅಧಿಕಾರಿಯ ಆದೇಶದ ಹಾಗೇ ಕಾಣುತ್ತದೆ. 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡ ಬೇಡ ಅನ್ನುವ ನಿಯಮವೂ ಇದೇ ಜಾತಿಯದು. ನಾನು ಅದನ್ನು ಒಪ್ಪುತ್ತೇನೆ, ಆದರೆ ಅದು ಬಂಡೆಯ ಮೇಲೆ ಪ್ರಕೃತಿ ಕೆತ್ತಿದ ಅಂಕಿ ಅಲ್ಲ.

ಇಂಥ ಅಂಕಿಗಳು ವರದಿಗಳಲ್ಲಿ ತುಂಬ ಇರುತ್ತವೆ. ಅಳತೆ ಮಾಡಿದ ಅಂಕಿಯ ಪಕ್ಕದಲ್ಲೇ, ಅದೇ ಅಕ್ಷರದಲ್ಲಿ, ಆಯ್ಕೆ ಮಾಡಿದ ಅಂಕಿಯೂ ಅಚ್ಚಾಗಿರುತ್ತದೆ. ಓದುವವರಿಗೆ ಎರಡೂ ಒಂದೇ ಅನ್ನಿಸುತ್ತದೆ. ಬೇರ್ಪಡಿಸಿ ತೋರಿಸಿ ಅಂತ ಕೇಳುವುದು ಪ್ರಜೆಯ ಹಕ್ಕು, ತೋರಿಸದಿರುವುದು ತಜ್ಞರ ತಪ್ಪು. ನಮ್ಮ ಕಸುಬಿನವರಿಗೆ ಈ ಮಾತು ರುಚಿಸುವುದಿಲ್ಲ, ಇರಲಿ.

ಇನ್ನು ನಿಮ್ಮ ಕಡೆಗೆ. ನಿಮ್ಮ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಮಲೆನಾಡಿನವರಿಗೆ ಅರಣ್ಯ ಕಾನೂನು ಅಂದರೆ ಬಗರ್ ಹುಕುಂ ಅರ್ಜಿ (ಸಾಗುವಳಿ ಮಾಡಿದ ಸರ್ಕಾರಿ ನೆಲ ಸಕ್ರಮ ಮಾಡಿ ಅನ್ನುವ ಅರ್ಜಿ) ವರ್ಷಗಟ್ಟಲೆ ಕೊಳೆಯುವುದು, ತಲೆಮಾರಿನಿಂದ ಸೊಪ್ಪು ತಂದ ಬೆಟ್ಟ ಇದ್ದಕ್ಕಿದ್ದ ಹಾಗೆ ಡೀಮ್ಡ್ ಅರಣ್ಯ (ಸರ್ಕಾರ ಅರಣ್ಯ ಅಂತ ಪರಿಗಣಿಸಿದ ನೆಲ) ಆಗುವುದು, ಕುದುರೆಮುಖದ ಕಡೆ ರಾಷ್ಟ್ರೀಯ ಉದ್ಯಾನದೊಳಗಿನ ಊರುಗಳು ಖಾಲಿಯಾಗುವುದು. ಇಷ್ಟು ಕಂಡವರು ಹೊಸ ಪಟ್ಟಿಯಲ್ಲಿ ತಮ್ಮ ಹಳ್ಳಿಯ ಹೆಸರು ನೋಡಿದರೆ ಎದೆ ಧಸಕ್ ಅನ್ನದೆ ಇರುತ್ತದಾ? ಮೇಲಿನಿಂದ ನೋಡುವ ಕಣ್ಣಿಗೆ ನೆರಳಿನ ಮರದ ಕಾಫಿ ತೋಟವೂ ಕಾಡೂ ಹತ್ತಿರ ಹತ್ತಿರ ಒಂದೇ. ಕಾಫಿ, ಏಲಕ್ಕಿ ಬೆಳೆಯುವವರ ದೂರು ಎಲ್ಲ ರಾಜ್ಯದಲ್ಲೂ ಇದೇ ಆಗಿತ್ತು.

ಆದರೆ ಕಸ್ತೂರಿರಂಗನ್ ವರದಿ ಇಟ್ಟುಕೊಂಡು ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಏನಿದೆ ಅಂತಲೂ ಹೇಳಬೇಕಲ್ಲ. ಅದು ತಡೆಯುವುದು ಗಣಿ, ಕಲ್ಲು ಕ್ವಾರಿ, ಮರಳು ಗಣಿಗಾರಿಕೆ, ಕಲ್ಲಿದ್ದಲಿನ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಅತಿ ಹೆಚ್ಚು ಮಾಲಿನ್ಯ ಮಾಡುವ) ಕಾರ್ಖಾನೆ, ಆಗಲೇ ಹೇಳಿದ ದೊಡ್ಡ ಕಟ್ಟಡ ಮತ್ತು ಬಡಾವಣೆ. ಬೇಸಾಯಕ್ಕೆ ನಿಷೇಧ ಇಲ್ಲ. ಇರುವ ಮನೆ ದುರಸ್ತಿಗೆ ತಡೆ ಇಲ್ಲ. ಜಮೀನು ಮಾರುವುದಕ್ಕೂ ಇಲ್ಲ. ಗಾಡ್ಗೀಳ್ ವರದಿ ಇದಕ್ಕಿಂತ ಬಿಗಿ. ಅತಿ ಸೂಕ್ಷ್ಮ ವಲಯದಲ್ಲಿ ಐದು ವರ್ಷದೊಳಗೆ ರಾಸಾಯನಿಕ ಕೀಟನಾಶಕ ನಿಲ್ಲಿಸಿ ಅಂತ ಅದು ಹೇಳಿತ್ತು, ಕಾಫಿ ಬೆಳೆಗಾರರು ಅದಕ್ಕೆ ಗಾಬರಿಯಾದರೆ ಅರ್ಥ ಇದೆ. ಆದರೆ ಕಸ್ತೂರಿರಂಗನ್ ಪಟ್ಟಿಯಿಂದ ನೇರವಾಗಿ ಪೆಟ್ಟು ತಿನ್ನುವವರು ಕ್ವಾರಿಯವರು, ಮರಳಿನವರು, ದೊಡ್ಡ ರೆಸಾರ್ಟಿನವರು. ಪ್ರತಿಭಟನೆಯಲ್ಲಿ ನಿಮ್ಮ ಜೊತೆ ಅವರೂ ನಡೆದರಾ ಅಂತ ನೀವೇ ನೆನಪು ಮಾಡಿಕೊಳ್ಳಿ.

ಜನ ಅಂದರೆ ಯಾವಾಗಲೂ ಬೇಡ ಅನ್ನುವವರು ಅಂತ ಮಗಳು ಅಂದುಕೊಳ್ಳಬಾರದು. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ 25 ಗ್ರಾಮಸಭೆಗಳು ನಮ್ಮೂರನ್ನು ಸೂಕ್ಷ್ಮ ಪ್ರದೇಶ ಅಂತ ಘೋಷಿಸಿ ಅಂತ ಠರಾವು ಮಾಡಿದ್ದವು. ಗಣಿ ಬಂದರೆ ನೀರಿಗೆ, ತೋಟಕ್ಕೆ ಏನಾಗುತ್ತದೆ ಅಂತ ಅಲ್ಲಿಯವರು ಹತ್ತಿರದಿಂದ ನೋಡಿದ್ದರು. ಯಾರೂ ಅವರಿಗೆ ಪಾಠ ಹೇಳಬೇಕಾಗಿರಲಿಲ್ಲ.

ಗಾಡ್ಗೀಳ್ ಅವರಿಗೆ ಊರವರ ಮೇಲೆ ಇಷ್ಟು ನಂಬಿಕೆ ಬಂದದ್ದಕ್ಕೆ ನಮ್ಮ ಉತ್ತರ ಕನ್ನಡವೂ ಒಂದು ಕಾರಣ. 1970ರ ದಶಕದಲ್ಲಿ ಬಿದಿರು ಖಾಲಿಯಾಗುತ್ತಿದೆ, ಕಾಗದದ ಕಾರ್ಖಾನೆಗೆ ಹೋಗಿಬಿಡುತ್ತಿದೆ ಅಂತ ಬುಟ್ಟಿ ಹೆಣೆಯುವ ಮೇದಾರರು ಗೋಳಾಡಿದಾಗ ರಾಜ್ಯ ಸರ್ಕಾರ ಅಧ್ಯಯನ ಮಾಡಿ ಅಂತ ಗಾಡ್ಗೀಳ್ ಅವರನ್ನು ಕೇಳಿತು. ಆಗ ಅರಣ್ಯ ಇಲಾಖೆಯವರು ಬಿದಿರಿನ ಮೆಳೆಯ ಬುಡದ ಮುಳ್ಳು ಸವರಿಸುತ್ತಿದ್ದರು. ಸಿಕ್ಕು ಬಿಡಿಸಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಅನ್ನುವುದು ಅವರು ಓದಿ ಕಲಿತ ಶಾಸ್ತ್ರ. ಹಳ್ಳಿಯವರು ನಕ್ಕರು. ಮುಳ್ಳು ತೆಗೆದರೆ ಎಳೆ ಕಳಲೆಗೆ ಕಾವಲು ಯಾರು, ದನವೂ ಕಾಡುಪ್ರಾಣಿಯೂ ಬಂದು ಮೇಯುತ್ತವೆ ಅಂದರು. ಅಳತೆ ಮಾಡಿ ನೋಡಿದಾಗ ಹಳ್ಳಿಯವರ ಮಾತೇ ಸರಿಯಾಗಿತ್ತು. ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ‘ಅಳತೆ ಮಾಡಿ ನೋಡಿದಾಗ’ ಅನ್ನುವ ಭಾಗ. ಊರವರು ಹೇಳಿದರು ಅಂತ ಕಣ್ಣು ಮುಚ್ಚಿ ಒಪ್ಪಲಿಲ್ಲ, ಓದಿಲ್ಲದವರು ಅಂತ ತಳ್ಳಿಯೂ ಹಾಕಲಿಲ್ಲ. ಊರವರಿಗೆ ಎಲ್ಲ ಗೊತ್ತು ಅಂತ ಹಾಡಿ ಹೊಗಳುವವರು ಕೂಡ ಇದನ್ನು ಗಮನಿಸಬೇಕು.

ತಜ್ಞರು ಅಂದರೆ ಯಾವ ತಜ್ಞರು ಅನ್ನುವ ಪ್ರಶ್ನೆಯೂ ಇದೆ. ನಿಮ್ಮ ತಾಲ್ಲೂಕಿನದೇ ಉದಾಹರಣೆ, ಘಟ್ಟದ ನೀರನ್ನು ಬಯಲುಸೀಮೆಗೆ ಹರಿಸುವ ಎತ್ತಿನಹೊಳೆ. ಯೋಜನೆಯ ಕಾಗದದಲ್ಲಿ 24.01 ಟಿಎಂಸಿ ನೀರು ಸಿಗುತ್ತದೆ ಅಂತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ತಂಡ ಲೆಕ್ಕ ಹಾಕಿ 9.55 ಟಿಎಂಸಿ ಅಂದಿತು. ಎರಡೂ ಕಡೆ ಓದಿದವರೇ, ಎರಡೂ ಕಡೆ ಮಳೆ ಲೆಕ್ಕ ಇಟ್ಟುಕೊಂಡೇ ಮಾತಾಡಿದವರು. ಹೀಗಾದಾಗ ಎರಡೂ ಲೆಕ್ಕದ ಹಾಳೆಯನ್ನು ಬಯಲಲ್ಲಿ ಇಟ್ಟು, ಎಲ್ಲಿಂದ ಎಲ್ಲಿಗೆ ವ್ಯತ್ಯಾಸ ಬಂತು ಅಂತ ಮೂರನೆಯವರಿಂದ ಪರೀಕ್ಷೆ ಮಾಡಿಸಬೇಕು. ಸರ್ಕಾರಗಳು ಮಾಡುವುದು ಏನೆಂದರೆ, ತಮಗೆ ಬೇಕಾದ ಅಂಕಿ ಕೊಟ್ಟವರನ್ನು ‘ತಜ್ಞರು’ ಅಂತ ಕರೆಯುವುದು, ಬೇಡದ ಅಂಕಿ ಕೊಟ್ಟವರನ್ನು ‘ಅಭಿವೃದ್ಧಿ ವಿರೋಧಿಗಳು’ ಅನ್ನುವುದು.

ಮಗಳಿಗೆ ಇನ್ನೊಂದು ವಿಷಯ ಕೇಳಿ. ಬಿಟಿ ಬದನೆ, ಅಂದರೆ ಹುಳು ತಡೆಯಲು ಕುಲಾಂತರಿ ಮಾಡಿದ ಬದನೆ, ನೆನಪಿದೆಯಾ ಅಂತ. 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಅನುಮೋದನಾ ಸಮಿತಿ, ಅಂದರೆ ತಜ್ಞರೇ ಕೂತಿದ್ದ ಸಮಿತಿ, ಬೆಳೆಯಬಹುದು ಅಂತ ಒಪ್ಪಿಗೆ ಕೊಟ್ಟಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಆ ಕೆಲಸದಲ್ಲಿ ಪಾಲುದಾರ. ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ಸಹಿ ಹಾಕಲಿಲ್ಲ. ಬೆಂಗಳೂರೂ ಸೇರಿ ಏಳು ಊರಲ್ಲಿ ಸಾರ್ವಜನಿಕ ಸಭೆ ಮಾಡಿದರು. ರೈತರು, ವಿಜ್ಞಾನಿಗಳು, ವೈದ್ಯರು, ಎಲ್ಲರೂ ಬಂದು ಕೂಗಾಡಿದರು. 2010ರ ಫೆಬ್ರವರಿ 9ಕ್ಕೆ ಸಚಿವರು ತಡೆ ಹಾಕಿದರು. ಸ್ವತಂತ್ರವಾದ ದೀರ್ಘಕಾಲದ ಪರೀಕ್ಷೆ ಆಗಿಲ್ಲ, ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ, ರಾಜ್ಯಗಳು ಒಪ್ಪುತ್ತಿಲ್ಲ ಅಂತ ಕಾರಣಗಳನ್ನು ಬರೆದು ಪ್ರಕಟ ಮಾಡಿದರು. ಅದೇ ತಂತ್ರಜ್ಞಾನದ ಬದನೆಗೆ ಬಾಂಗ್ಲಾದೇಶ 2013ರಲ್ಲಿ ಒಪ್ಪಿಗೆ ಕೊಟ್ಟಿತು. ವಿಜ್ಞಾನ ಒಂದೇ, ತೀರ್ಮಾನ ಎರಡು.

ಆ ದಿನ ‘ಜನರ ಮಾತು ಗೆದ್ದಿತು’ ಅಂತ ಸಂಭ್ರಮಪಟ್ಟ ಎಷ್ಟೋ ಪರಿಸರ ಪ್ರೇಮಿಗಳು ಕಸ್ತೂರಿರಂಗನ್ ವಿಷಯ ಬಂದಾಗ ‘ವಿಜ್ಞಾನಿಗಳ ಮಾತು ಕೇಳಿ’ ಅಂದರು. ಬದನೆಯಲ್ಲಿ ತಜ್ಞರ ಮಾತು ಕೇಳಿ ಅಂದವರು ಘಟ್ಟದಲ್ಲಿ ಜನರ ಬದುಕು ಅಂದರು. ನಮಗೆ ಬೇಕಾದಾಗ ಮಾತ್ರ ವಿಜ್ಞಾನ ದೊಡ್ಡದಾಗುತ್ತದೆ, ಅಲ್ವಾ? ಬದನೆಯ ತೀರ್ಮಾನ ಸರಿಯೋ ತಪ್ಪೋ ಅಂತ ಇವತ್ತಿಗೂ ವಾದ ಮಾಡಬಹುದು. ಆದರೆ ಅದರಲ್ಲಿ ತೀರ್ಮಾನ ಮಾಡಿದವರು ಯಾರು ಅಂತ ಎಲ್ಲರಿಗೂ ಗೊತ್ತು. ಒಬ್ಬ ಚುನಾಯಿತ ಸಚಿವ ತನ್ನ ಹೆಸರಲ್ಲಿ ಕಾರಣ ಬರೆದು ಸಹಿ ಹಾಕಿದ. ಬೈಯಬೇಕಾದರೆ ಯಾರನ್ನು ಬೈಯಬೇಕು ಅಂತಲೂ ಗೊತ್ತು.

ಘಟ್ಟದ ವಿಷಯದಲ್ಲಿ ಅದೇ ಇಲ್ಲ. ಕರಡು ಅಧಿಸೂಚನೆ 2014ರಲ್ಲಿ ಬಂತು, 2015ರಲ್ಲಿ ಬಂತು, 2017, 2018, 2022, ಕೊನೆಗೆ 2024ರ ಜುಲೈ 31. ಕರಡಿಗೆ ಕಾನೂನಿನಲ್ಲಿ ಒಂದು ಅವಧಿ ಇದೆ, ಅದರೊಳಗೆ ಅಂತಿಮ ಮಾಡದಿದ್ದರೆ ಬಿದ್ದುಹೋಗುತ್ತದೆ, ಮತ್ತೆ ಹೊರಡಿಸುತ್ತಾರೆ. ಆರನೇ ಕರಡು ಬಂದದ್ದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದ ಮರುದಿನ. ಆ ಊರುಗಳಿರುವ ವೈತಿರಿ ತಾಲ್ಲೂಕನ್ನು ಗಾಡ್ಗೀಳ್ ಸಮಿತಿ ಅತಿ ಸೂಕ್ಷ್ಮ ವಲಯದ ಪಟ್ಟಿಯಲ್ಲಿ ಇಟ್ಟಿತ್ತು. ದೆಹಲಿ ರಾಜ್ಯಗಳ ಕಡೆ ಬೆರಳು ತೋರಿಸುತ್ತದೆ, ರಾಜ್ಯಗಳು ಜನರ ಕಡೆ ತೋರಿಸುತ್ತವೆ, ಜನ ದೆಹಲಿಯನ್ನು ಬೈಯುತ್ತಾರೆ. ಹೀಗೆ ಹತ್ತು ವರ್ಷ ದಾಟಿತು.

ಕೇರಳ ಒಂದು ಕೆಲಸವನ್ನಾದರೂ ಮಾಡಿತ್ತು. ಉಪಗ್ರಹದ ಗಡಿ ತಪ್ಪಿದೆ ಅಂದವರು ಸುಮ್ನೆ ಕೂರಲಿಲ್ಲ, ಇನ್ನೊಂದು ಸಮಿತಿ ಮಾಡಿ ಪಂಚಾಯಿತಿ ಮಟ್ಟದಲ್ಲಿ ನೆಲ ನೋಡಿಸಿದರು. 13,108 ಇದ್ದದ್ದು 9,993.7 ಚದರ ಕಿಲೋಮೀಟರ್ ಆಯಿತು, ಕೇಂದ್ರ ಆ ಅಂಕಿಯನ್ನು ಕರಡಿನಲ್ಲಿ ಒಪ್ಪಿಕೊಂಡಿತು. ಇಳಿಸಿದ್ದು ಜಾಸ್ತಿಯಾಯಿತು ಅನ್ನುವವರಿದ್ದಾರೆ, ವಯನಾಡ್ ನೋಡಿದ ಮೇಲೆ ಆ ಮಾತನ್ನು ತಳ್ಳಿಹಾಕಲೂ ಆಗುವುದಿಲ್ಲ. ಆದರೂ ಇಂಥ ಕಡೆ ಇಷ್ಟು ತಪ್ಪಿದೆ ಅಂತ ನಕ್ಷೆ ಇಟ್ಟು ವಾದ ಮಾಡುವುದು ಒಂದು ದಾರಿ. ನಮ್ಮಲ್ಲಿ ಸಂಪುಟ ಉಪಸಮಿತಿಗಳಾದವು, ಕೊನೆಗೆ 2024ರ ಸೆಪ್ಟೆಂಬರ್‌ನಲ್ಲಿ ಸಂಪುಟ ವರದಿಯನ್ನು ಒಟ್ಟಾರೆ ತಿರಸ್ಕರಿಸಿತು. 20,668ರಲ್ಲಿ ಸುಮಾರು 16 ಸಾವಿರ ಚದರ ಕಿಲೋಮೀಟರ್ ಈಗಾಗಲೇ ಸಂರಕ್ಷಿತ ಅರಣ್ಯ ಅನ್ನುವುದು ಸರ್ಕಾರದ ವಾದ. ಹಾಗಾದರೆ ಜಗಳ ಉಳಿದ ನಾಲ್ಕೂವರೆ ಸಾವಿರದ್ದು. ಅಷ್ಟನ್ನು ಸರ್ವೆ ನಂಬರ್ ಹಿಡಿದು ನೋಡಲು ಹನ್ನೊಂದು ವರ್ಷ ಸಾಲಲಿಲ್ಲವಾ?

ಹಾಗಂತ ವರದಿ ಜಾರಿಯಾಗಿದ್ದರೆ ಶಿರೂರು ಆಗುತ್ತಿರಲಿಲ್ಲ ಅಂತ ಮಗಳು ಹೇಳಿದರೆ ಒಪ್ಪಬೇಡಿ. 2024ರ ಜುಲೈ 16ಕ್ಕೆ ಅಲ್ಲಿ ಕುಸಿದದ್ದು ಹೆದ್ದಾರಿಗಾಗಿ ಬುಡ ಕಡಿದ ಗುಡ್ಡ. ಪರಿಸರ ಸೂಕ್ಷ್ಮ ಪ್ರದೇಶದ ಕರಡಿನಲ್ಲಿ ರಸ್ತೆಗೆ ಪೂರ್ತಿ ನಿಷೇಧ ಇಲ್ಲ. ಅಲ್ಲಿ ಬೇಕಾಗಿದ್ದದ್ದು ಬೇರೆ ತರಹದ ತಜ್ಞತೆ. ಈ ಮಣ್ಣನ್ನು ಎಷ್ಟು ಕಡಿದಾಗಿ ಕತ್ತರಿಸಿದರೆ ನಿಲ್ಲುತ್ತದೆ, ನೀರು ಎಲ್ಲಿಂದ ಇಳಿಯಬೇಕು, ಎಷ್ಟು ಮಳೆಯಾದರೆ ರಸ್ತೆ ಮುಚ್ಚಬೇಕು. ಇವುಗಳನ್ನು ಗ್ರಾಮಸಭೆಯ ಓಟಿಗೆ ಹಾಕುವ ಹಾಗಿಲ್ಲ, ಮಂತ್ರಿಯ ಫೋನಿಗೂ ಬಗ್ಗಿಸುವ ಹಾಗಿಲ್ಲ. ಇಲ್ಲಿ ನಾನು ಪೂರ್ತಿ ನಿಮ್ಮ ಮಗಳ ಪಕ್ಷ. ರಸ್ತೆ ಬೇಕೋ ಬೇಡವೋ, ನಾಲ್ಕು ಪಥವೋ ಎರಡೋ ಅಂತ ಜನರೂ ಸರ್ಕಾರವೂ ತೀರ್ಮಾನ ಮಾಡಲಿ. ಬೇಕು ಅಂದ ಮೇಲೆ ಇಳಿಜಾರು ಎಷ್ಟು ಡಿಗ್ರಿ ಅಂತ ಹೇಳುವುದು ಭೂವಿಜ್ಞಾನಿ, ಅದು ಖರ್ಚು ಜಾಸ್ತಿ ಅಂತ ಯಾರೂ ಕಡಿಮೆ ಮಾಡಬಾರದು. ನಮ್ಮಲ್ಲಿ ಇದು ಉಲ್ಟಾ ನಡೆಯುತ್ತದೆ. ಜನರನ್ನು ಕೇಳಬೇಕಾದ ಕಡೆ ‘ತಾಂತ್ರಿಕ ವಿಷಯ’ ಅನ್ನುತ್ತಾರೆ, ಎಂಜಿನಿಯರನ್ನು ಕೇಳಬೇಕಾದ ಕಡೆ ‘ಜನರ ಒತ್ತಾಯ’ ಅನ್ನುತ್ತಾರೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಗುಡ್ಡ ಕುಸಿಯುವ ಸಾಧ್ಯತೆಯ ನಕ್ಷೆ ಮಾಡಿದ್ದಾರೆ, 1:50,000 ಅಳತೆಯಲ್ಲಿ. ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ತಾಲ್ಲೂಕಿನ ಯಾವ ಭಾಗಕ್ಕೆ ಅಪಾಯ ಅಂತ ಅದು ಹೇಳುತ್ತದೆ, ನಿಮ್ಮ ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಣ್ಣೆ) ಜಾರುತ್ತದಾ ಅಂತ ಹೇಳುವುದಿಲ್ಲ. ಆ ಬರೆಯಲ್ಲಿ ಹೋದ ಮಳೆಗಾಲ ಬಿರುಕು ಬಿಟ್ಟಿತ್ತು, ಹೊಸ ಕಡೆ ಒರತೆ ಎದ್ದಿತ್ತು ಅನ್ನುವುದು ನಿಮಗೆ ಗೊತ್ತಿರುತ್ತದೆ. ಎರಡೂ ಒಂದೇ ಮೇಜಿನ ಮೇಲೆ ಬರದಿದ್ದರೆ ಎರಡೂ ದಂಡ.

ಗ್ರಾಮಸಭೆಯನ್ನೂ ನಾನು ದೇವರ ಸ್ಥಾನದಲ್ಲಿ ಇಡುವುದಿಲ್ಲ. ಕೋರಂ ಇಲ್ಲದೆ ಸಹಿ ಮಾತ್ರ ಬೀಳುವ ಸಭೆಗಳು ಎಷ್ಟು ಅಂತ ನಿಮಗೇ ಗೊತ್ತು. ಜನರ ಮೇಲೆ ಅಷ್ಟು ನಂಬಿಕೆ ಇಟ್ಟ ಗಾಡ್ಗೀಳ್ ಸಮಿತಿಯೇ ಮೇಲೆ ಒಂದು ಪಶ್ಚಿಮ ಘಟ್ಟ ಪ್ರಾಧಿಕಾರ, ಅದರ ಕೆಳಗೆ ರಾಜ್ಯ, ಜಿಲ್ಲೆಗಳಲ್ಲೂ ಸಮಿತಿಗಳು ಬೇಕು ಅಂದಿತ್ತು. ನನಗೆ ಆ ಭಾಗ ಅಷ್ಟು ಹಿಡಿಸಲಿಲ್ಲ, ಇನ್ನೊಂದು ಇಲಾಖೆ ಹುಟ್ಟಿಕೊಳ್ಳುತ್ತದೆ ಅಷ್ಟೇ.

ನೀವು ಏನು ಮಾಡಬಹುದು ಅಂತ ಕೇಳಿಲ್ಲ, ಆದರೂ ಹೇಳುತ್ತೇನೆ. ಮುಂದೆ ಮತ್ತೆ ಕರಡು ಬಂದರೆ ಆಕ್ಷೇಪಣೆಗೆ 60 ದಿನ ಸಿಗುತ್ತದೆ. ‘ವರದಿಗೆ ನಮ್ಮ ವಿರೋಧವಿದೆ’ ಅಂತ ಒಂದೇ ಸಾಲಿನ ನೂರು ಅರ್ಜಿ ಹಾಕಿದರೆ ಅವನ್ನು ಎಣಿಸುತ್ತಾರೆ, ಓದುವುದಿಲ್ಲ. ಅದರ ಬದಲು ನಿಮ್ಮ ಹಳ್ಳಿಯ ಹೆಸರು, ಯಾವ ಸರ್ವೆ ನಂಬರ್‌ಗಳು ತೋಟ, ಯಾವುವು ಗದ್ದೆ, ಯಾವುದು ನಿಜವಾಗಿ ಕಾಡು ಅಂತ ಬರೆಯಿರಿ. ಪಹಣಿ ಲಗತ್ತಿಸಿ. ಯಾವ ನಿರ್ಬಂಧ ಒಪ್ಪುತ್ತೀರಿ, ಯಾವುದನ್ನು ಒಪ್ಪುವುದಿಲ್ಲ, ಬೇರೆ ಬೇರೆಯಾಗಿ ಹೇಳಿ. ಕ್ವಾರಿ ಬೇಡ ಅನ್ನುವುದಾದರೆ ಅದನ್ನೂ ಧೈರ್ಯವಾಗಿ ಬರೆಯಿರಿ. ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಒಂದು ಇರಬೇಕು, 2002ರ ಕಾನೂನು ಹೇಳುತ್ತದೆ. ಅದರ ಸದಸ್ಯರು ಯಾರು, ದಾಖಲಾತಿ ಪುಸ್ತಕ ಎಲ್ಲಿದೆ ಅಂತ ಕೇಳಿ. ಕರಡು ಇಂಗ್ಲಿಷ್, ಹಿಂದಿಯಲ್ಲಿ ಇರುತ್ತದೆ, ಅದನ್ನು ಓದಿ ಹೇಳುವ ಕೆಲಸ ಮಗಳಿಗೆ ಕೊಡಿ. ಸರ್ವೆ ನಂಬರ್ ಪಟ್ಟಿ ನೀವು ಮಾಡಿ. ಅರ್ಜಿ ದೆಹಲಿಯ ಪರಿಸರ ಸಚಿವಾಲಯಕ್ಕೆ ಹೋಗಬೇಕು, ವಿಳಾಸ ಕರಡಿನಲ್ಲೇ ಇರುತ್ತದೆ. ಒಂದು ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.